ಹಿಂದಕ್ಕೆ ತಿರುಗಿದ ವಿದ್ಯುತ್

ಮಕ್ಕಳೇ, ನಮ್ಮ ಬೇ ಏರಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1984-85ರಲ್ಲಿ ನಡೆಸಿದ ಪ್ರಯೋಗಗಳಿಗಾಗಿ ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಅವರಿಗೆ 2025ರ ಭೌತಶಾಸ್ತ್ರದ ನೊಬೆಲ್ ಬಂದಿತು. ಅವರು ಬಳಸಿದ್ದು ಜೋಸೆಫ್‌ಸನ್ ಸಂಧಿ. ಕೆಲವು ಲೋಹಗಳನ್ನು ತುಂಬಾ ತಣ್ಣಗೆ ಮಾಡಿದರೆ ವಿದ್ಯುತ್ ತಡೆಯಿಲ್ಲದೆ ಹರಿಯುತ್ತದೆ; ಇವೇ ಸೂಪರ್‌ಕಂಡಕ್ಟರ್‌ಗಳು. ಇಂಥ ಎರಡು ತುಂಡುಗಳ ನಡುವೆ ಬೇರೆ ವಸ್ತುವಿನ ತೆಳು ಪದರವಿದ್ದರೂ ವಿದ್ಯುತ್ ಹಾಗೆಯೇ ದಾಟುತ್ತದೆ!

ಈ ಹರಿವನ್ನು ನಮ್ಮಿಷ್ಟದಂತೆ ತಿರುಗಿಸಬಹುದೇ? ನಡುವೆ ಸಾಮಾನ್ಯ ಲೋಹವಿದ್ದರೆ, ಇಲೆಕ್ಟ್ರಾನುಗಳ ಕೆಲವು ಶಕ್ತಿಮಟ್ಟಗಳು ವಿದ್ಯುತ್ತನ್ನು ಮುಂದಕ್ಕೂ ಕೆಲವು ಹಿಂದಕ್ಕೂ ಎಳೆಯುತ್ತವೆ, ಥೇಟ್ ಹಗ್ಗಜಗ್ಗಾಟ. ಬಿಸಿ ಮಾಡಿದರೆ ಎರಡೂ ಪಕ್ಷಗಳ ಬಲ ಸಮವಾಗುತ್ತಾ ಹರಿವು ಕುಗ್ಗುತ್ತದೆ, ಅಷ್ಟೆ. ಪಕ್ಕದಿಂದ ಸ್ವಲ್ಪ ವೋಲ್ಟೇಜ್ ಕೊಟ್ಟು ಇಲೆಕ್ಟ್ರಾನುಗಳ ಸಮತೋಲ ಕೆಡಿಸಿದರೆ ಮಾತ್ರ ಮುಂದಕ್ಕೆ ಎಳೆಯುವವರ ಬಲ ಉಡುಗಿ ಹಿಂದಿನವರು ಗೆಲ್ಲುತ್ತಾರೆ. 1999ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ವಿಜ್ಞಾನಿಗಳು ಇದನ್ನು ಮಾಡಿ ತೋರಿಸಿದರು, ಅದೂ ತಂತಿ ಅದಲುಬದಲು ಮಾಡದೆ!