ಶುಶ್ರೂಷಕಿಯರ ಮರುವ್ಯಾಸಂಗ: ಅನುಭವವು ಜ್ಞಾನವಾಗುವ ಬಗೆ

ಹಲವು ವರ್ಷ ವಾರ್ಡುಗಳಲ್ಲಿ ದುಡಿದ ಶುಶ್ರೂಷಕಿಯು ಮತ್ತೆ ವಿದ್ಯಾರ್ಥಿನಿಯಾಗಿ ವಿಶ್ವವಿದ್ಯಾನಿಲಯಕ್ಕೆ ಬರುವುದು ಇಂದು ಅಪರೂಪವಲ್ಲ. ಬಡ್ತಿ, ವೇತನ, ಅಧ್ಯಾಪಕ ಹುದ್ದೆ ಮುಂತಾದ ಅಪೇಕ್ಷೆಗಳು ಆಕೆಯನ್ನು ಕರೆತರುತ್ತವೆ, ಅವು ನ್ಯಾಯವಾದುವೇ. ಆದರೆ ಈ ಮರುವ್ಯಾಸಂಗದಿಂದ ರೋಗಿಗೆ ಒದಗುವ ಪ್ರಯೋಜನವೇನು ಎಂಬುದನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ.

ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಟೀಚರ್ಸ್ ಕಾಲೇಜಿನಲ್ಲಿ 1899ರಲ್ಲಿ ತರಬೇತಿ ಮುಗಿಸಿದ ದಾದಿಯರಿಗಾಗಿ ಉನ್ನತ ತರಗತಿಯೊಂದು ಆರಂಭವಾಯಿತು. ಬೋಧಕಿಯರನ್ನೂ ಆಸ್ಪತ್ರೆಯ ಮೇಲ್ವಿಚಾರಕಿಯರನ್ನೂ ಸಿದ್ಧಗೊಳಿಸುವುದು ಅದರ ಗುರಿಯಾಗಿತ್ತು. ರೋಗಿಯ ಬಳಿಯಲ್ಲೇ ಉಳಿಯುವ ತಜ್ಞೆಯನ್ನು ಸ್ನಾತಕೋತ್ತರ ಶಿಕ್ಷಣದಿಂದ ರೂಪಿಸಬೇಕೆಂಬ ವಿಚಾರವು ಬಲಗೊಂಡದ್ದು 1950ರ ದಶಕದಲ್ಲಿ, ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ ಹಿಲ್ಡೆಗಾರ್ಡ್ ಪೆಪ್ಲೋ ಅವರು ಮನೋರೋಗ ಶುಶ್ರೂಷೆಯ ಪಾಠಕ್ರಮವನ್ನು ನೆಲೆಗೊಳಿಸಿದಾಗ. ನಮ್ಮ ದೇಶದಲ್ಲಿ ದೆಹಲಿ ಹಾಗೂ ವೆಲ್ಲೂರುಗಳಲ್ಲಿ 1946ರಲ್ಲಿ ಶುಶ್ರೂಷೆಯ ಪದವಿ ಶಿಕ್ಷಣವೂ, 1959ರಲ್ಲಿ ದೆಹಲಿಯಲ್ಲಿ ಸ್ನಾತಕೋತ್ತರ ಶಿಕ್ಷಣವೂ ಮೊದಲಾದುವು.

ಅನುಭವಕ್ಕೆ ವ್ಯಾಸಂಗವು ಏನನ್ನು ಕೂಡಿಸುತ್ತದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹಾಸಿಗೆ ಹಿಡಿದ ರೋಗಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬ ನಿಯಮವನ್ನು ಪ್ರತಿಯೊಬ್ಬ ದಾದಿಯೂ ಕಲಿತಿರುತ್ತಾಳೆ. ಒಬ್ಬನ ಚರ್ಮ ಬೇಗನೆ ಕೆಂಪೇರುವುದನ್ನೂ ಇನ್ನೊಬ್ಬನದು ತಾಳಿಕೊಳ್ಳುವುದನ್ನೂ ಅನುಭವಸ್ಥೆಯು ಬಲ್ಲಳು; ಏಕೆಂಬುದನ್ನು ಅಳೆದು ತೋರಿಸಲಾರಳು. ಶುಶ್ರೂಷಕಿಯರಾದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಅವರು 1987ರಲ್ಲಿ ಪ್ರಕಟಿಸಿದ ಮಾಪಕವು ಸಂವೇದನೆ, ತೇವ, ಚಟುವಟಿಕೆ, ಚಲನಶಕ್ತಿ, ಪೋಷಣೆ, ಘರ್ಷಣೆ ಎಂಬ ಆರು ಅಂಶಗಳಿಂದ ಆ ಅಪಾಯವನ್ನು ಎಣಿಕೆಗೆ ತಂದಿತು. ಮುಂದೆ ಬರ್ಗ್‌ಸ್ಟ್ರಾಮ್ ಮತ್ತು ಸಂಗಡಿಗರು ಅಮೆರಿಕ, ಕೆನಡಾಗಳ ಶುಶ್ರೂಷಾಲಯಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒತ್ತಡ ತಗ್ಗಿಸುವ ದಟ್ಟ ಫೋಮ್ ಹಾಸಿಗೆಯ ಮೇಲಿದ್ದ ವೃದ್ಧರಲ್ಲಿ ಎರಡು, ಮೂರು, ನಾಲ್ಕು ಗಂಟೆಗಳ ಅಂತರಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಾಧಾರಣ ಹಾಸಿಗೆಯ ವಾರ್ಡಿಗೆ ಈ ಫಲಿತಾಂಶವನ್ನು ಹಾಗೆಯೇ ಅನ್ವಯಿಸುವಂತಿಲ್ಲ. ಎಲ್ಲಿ ಅನ್ವಯಿಸಬೇಕು, ಎಲ್ಲಿ ಕೂಡದು ಎಂಬ ವಿವೇಚನೆಯೇ ಉನ್ನತ ವ್ಯಾಸಂಗದ ಫಲ.

ನಮ್ಮಲ್ಲಿ ಡಿಪ್ಲೊಮಾ ಪಡೆದವರು ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಮುಗಿಸಿ, ಎರಡು ವರ್ಷಗಳ ಎಂ.ಎಸ್‌ಸಿ.ಗೆ ಸೇರಬಹುದು. ಎಂ.ಎಸ್‌ಸಿ.ಗೆ ವೃತ್ತಿಯ ಅನುಭವವೂ ಒಂದು ಅರ್ಹತೆಯೆಂಬುದು ಗಮನಾರ್ಹ. ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿರುವ ತೀವ್ರನಿಗಾ ನರ್ಸ್ ಪ್ರಾಕ್ಟೀಷನರ್ ಶಿಕ್ಷಣದಲ್ಲಿಯಂತೂ ಹೆಚ್ಚಿನ ಕಾಲವು ರೋಗಿಯ ಬಳಿಯಲ್ಲಿಯೇ ಕಳೆಯುತ್ತದೆ.

ಆದರೂ ಸ್ನಾತಕೋತ್ತರ ಪದವಿ ಪಡೆದಾಕೆಗೆ ಬೋಧನೆಯ ದಾರಿಯು ತೆರೆದಿರುವಷ್ಟು ವಾರ್ಡಿನ ದಾರಿಯು ತೆರೆದಿಲ್ಲ. ಬೋಧಕಿಯರು ಬೇಕು, ನಿಜ. ಆದರೆ ಕಲಿತವರೆಲ್ಲರೂ ರೋಗಿಯ ಬಳಿಯಿಂದ ದೂರ ಸರಿದರೆ, ವಾರ್ಡಿನಲ್ಲಿ ಹುಟ್ಟಿದ ಪ್ರಶ್ನೆಗೆ ಗ್ರಂಥಾಲಯದಲ್ಲಿ ದೊರೆತ ಉತ್ತರವು ವಾರ್ಡಿಗೆ ಮರಳುವುದೇ ಇಲ್ಲ. ಮರಳಿ ಓದಲು ಬರುವವರಲ್ಲಿ ನಮ್ಮ ವಿನಂತಿಯಿಷ್ಟೆ: ನಿಮ್ಮನ್ನು ವಾರ್ಡಿನಲ್ಲಿ ಕಾಡಿದ ಒಂದು ಪ್ರಶ್ನೆಯನ್ನು ಜೊತೆಯಲ್ಲಿ ತನ್ನಿರಿ. ಆಸ್ಪತ್ರೆಗಳನ್ನು ನಡೆಸುವವರಲ್ಲಿಯೂ ಒಂದು ವಿನಂತಿ: ಉತ್ತರವನ್ನು ಹೊತ್ತು ಹಿಂದಿರುಗುವವರಿಗೆ ತಕ್ಕ ಸ್ಥಾನವನ್ನು ಕಾದಿರಿಸಿರಿ.