ಸೂತ್ರ ಗೊತ್ತಿತ್ತು, ಸ್ಪ್ರಿಂಗ್ ಗೊತ್ತಿರಲಿಲ್ಲ

ಕಳೆದ ಆಗಸ್ಟ್ ತಿಂಗಳ ಒಂದು ಭಾನುವಾರ. ಧರ್ಮಸ್ಥಳಕ್ಕೆ ಹೊರಟಿದ್ದ ನಾವು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಅಣ್ಣ ಕಾರು ಓಡಿಸುತ್ತಿದ್ದ, ನಾನು ಪಕ್ಕದಲ್ಲಿ, ಅಮ್ಮ ಹಿಂದಿನ ಸೀಟಿನಲ್ಲಿ. ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಕಂಡಿತು. ಅಣ್ಣ ಗಾಬರಿಯಿಂದ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ. ಅಷ್ಟೇ. ಕಾರಿನ ಹಿಂಭಾಗ ಸರ್ರನೆ ಪಕ್ಕಕ್ಕೆ ಜಾರಿತು. ಕಾರು ಅರ್ಧ ತಿರುಗಿ ತಡೆಗೋಡೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಅಮ್ಮ ಒಂದು ಮಾತೂ ಆಡಲಿಲ್ಲ. ಧರ್ಮಸ್ಥಳದಲ್ಲಿ ದರ್ಶನ ಮುಗಿದ ಮೇಲೆ, ‘ನಾನು ಬಸ್ಸಲ್ಲೇ ಬರ್ತೀನಿ’ ಅಂದಳು.

ಆ ಕಾರಿನ ಹಿಂದಿನ ಸಸ್ಪೆನ್ಶನ್‌ಗೆ ಬಿಡಿಭಾಗ ಆರಿಸಿದವನು ನಾನು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ.

ಕಾರು ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್, ನಮ್ಮಲ್ಲಿಗೆ ಬಂದ ಮೊದಲ ತಲೆಮಾರಿನದು. 1.8 ಲೀಟರಿನ ಟರ್ಬೊ ಪೆಟ್ರೋಲ್ ಇಂಜಿನ್, ಕಂಪನಿಯಿಂದ ಹೊರಬಂದಾಗಲೇ 150 ಅಶ್ವಶಕ್ತಿ. ಅಣ್ಣ ಬೆಂಗಳೂರಿನಲ್ಲಿ ದುಡಿದು ಕೂಡಿಟ್ಟ ಹಣದಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡು, ಇಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಇನ್ನಷ್ಟು ಶಕ್ತಿ ಬರಿಸಿದ್ದ. ‘ಸಸ್ಪೆನ್ಶನ್ ನೀನು ನೋಡ್ಕೊ, ಓದಿದೀಯಲ್ಲ’ ಅಂದ. ನನಗೆ ಹೆಮ್ಮೆ.

ನಾಲ್ಕು ರಾತ್ರಿ ವಿಡಿಯೊ ನೋಡಿದೆ. ಗಟ್ಟಿಯಾದಷ್ಟೂ ಒಳ್ಳೆಯದು ಎಂದು ನನಗೆ ಅರ್ಥವಾಯಿತು. ಕಾರನ್ನು ತಗ್ಗಿಸುವ ಗಿಡ್ಡ, ಗಡಸು ಸ್ಪ್ರಿಂಗು ಮತ್ತು ಹಿಂದಿನ ಆಕ್ಸಲ್‌ಗೆ ದಪ್ಪನೆಯ ಆಂಟಿ ರೋಲ್ ಬಾರ್ ತರಿಸಿದೆ. ಶಾಕ್ ಅಬ್ಸಾರ್ಬರ್ ದುಬಾರಿಯಾದ್ದರಿಂದ ಹಳೆಯದೇ ಇರಲಿ ಎಂದೆ. ಹೊಸ ಟೈರು ಎರಡನ್ನು ಮುಂದಿನ ಚಕ್ರಕ್ಕೆ ಹಾಕಿಸಿದೆ, ಎಳೆಯುವ ಚಕ್ರಗಳು ಅವೇ ಅಲ್ಲವೇ ಎಂಬ ಲೆಕ್ಕ. ಒಣ ರಸ್ತೆಯಲ್ಲಿ ಕಾರು ಅದ್ಭುತವಾಗಿ ತಿರುಗುತ್ತಿತ್ತು. ಫೋಟೊದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಘಾಟಿಯ ಘಟನೆಯಾದ ವಾರಕ್ಕೆ ಹಾಸನದ ಒಂದು ಹಳೆಯ ಗ್ಯಾರೇಜಿಗೆ ಹೋದೆವು. ಅಲ್ಲಿನ ಹಿರಿಯ ಮೇಸ್ತ್ರಿ ಇಂಜಿನ್ ಕಡೆ ನೋಡಲೇ ಇಲ್ಲ. ಡಿಕ್ಕಿಯ ಮೂಲೆಯನ್ನು ಎರಡೂ ಕೈಯಿಂದ ಅದುಮಿ ಬಿಟ್ಟರು. ಕಾರು ಒಮ್ಮೆ ಎದ್ದು ಸುಮ್ಮನಾಗಬೇಕಿತ್ತು. ಅದು ಮೂರು ಸಲ ಕುಣಿಯಿತು. ಜ್ಯಾಕ್ ಕೊಟ್ಟು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ನನ್ನನ್ನು ಕೆಳಗೆ ಮಲಗಲು ಹೇಳಿದರು. ಒಂದು ಶಾಕ್‌ನ ಮೈಯೆಲ್ಲ ಎಣ್ಣೆ. ಆಕ್ಸಲ್ ಬೀಮನ್ನು ಬಾಡಿಗೆ ಜೋಡಿಸುವ ರಬ್ಬರ್ ಬುಷ್‌ಗಳಲ್ಲಿ ಬಿರುಕು. ಸ್ಪ್ರಿಂಗ್ ಗಿಡ್ಡವಾಗಿದ್ದರಿಂದ ಸಣ್ಣ ಗುಂಡಿಗೂ ಬೀಮು ಬಂಪ್ ಸ್ಟಾಪ್‌ಗೆ ಬಡಿದು, ಆ ರಬ್ಬರ್ ಹರಿದಿತ್ತು. ಹಿಂದಿನ ಟೈರಿನ ಬದಿಯಲ್ಲಿದ್ದ ನಾಲ್ಕು ಅಂಕಿಗಳನ್ನು ಓದಿಸಿದರು. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಆ ಟೈರಿಗೆ ಏಳು ವರ್ಷ ತುಂಬಿತ್ತು.

‘ಅಲ್ಲಪ್ಪಾ, ಸ್ಪ್ರಿಂಗ್ ಗಟ್ಟಿ ಮಾಡ್ದೆ ಸರಿ, ಅದನ್ನ ಹಿಡಿಯೋರು ಯಾರು?’ ಎಂದು ಮೇಸ್ತ್ರಿ ಕೇಳಿದರು.

ಆ ಪ್ರಶ್ನೆಗೆ ನಾನು ಪರೀಕ್ಷೆಯಲ್ಲಿ ಉತ್ತರ ಬರೆದಿದ್ದೆ! ವೈಬ್ರೇಷನ್ಸ್ ವಿಷಯದಲ್ಲಿ ಒಳ್ಳೆಯ ಅಂಕವೂ ಬಂದಿತ್ತು. ಅಂದು ರಾತ್ರಿ ಮನೆಯಲ್ಲಿ ಲೆಕ್ಕ ಹಾಕಿದೆ. ಹಿಂದಿನ ಒಂದು ಚಕ್ರದ ಪಾಲಿಗೆ 250 ಕೆ.ಜಿ. ಭಾರ ಎಂದುಕೊಳ್ಳಿ. ಚಕ್ರದ ಲೆಕ್ಕದಲ್ಲಿ ಸ್ಪ್ರಿಂಗಿನ ಬಿಗಿತ ಮಿಲಿಮೀಟರಿಗೆ 25 ನ್ಯೂಟನ್ ಇದ್ದರೆ, ಕಾರಿನ ಆ ಮೂಲೆ ಸೆಕೆಂಡಿಗೆ ಸುಮಾರು 1.6 ಸಲ ಕುಣಿಯುತ್ತದೆ. ಬಿಗಿತವನ್ನು 40ಕ್ಕೆ ಏರಿಸಿದರೆ 2 ಸಲ. ಆ ಕುಣಿತವನ್ನು ಮೊದಲಿನಷ್ಟೇ ಚೆನ್ನಾಗಿ ಅಡಗಿಸಲು ಶಾಕ್‌ನ ಹಿಡಿತ ಕಾಲು ಭಾಗದಷ್ಟು ಹೆಚ್ಚಬೇಕು. ಸ್ಪ್ರಿಂಗ್ ಭಾರ ಹೊರುತ್ತದೆ, ಕುಣಿತ ನಿಲ್ಲಿಸುವುದು ಶಾಕ್. ನಾನು ಒಂದನ್ನು ಬಲಪಡಿಸಿ ಇನ್ನೊಂದನ್ನು ಸತ್ತ ಸ್ಥಿತಿಯಲ್ಲೇ ಬಿಟ್ಟಿದ್ದೆ. ಕಿತ್ತುಹೋದ ರಸ್ತೆಯಲ್ಲಿ ಟೈರು ನೆಲವನ್ನು ಒತ್ತಿ ಹಿಡಿಯುವ ಬದಲು ಪುಟಿಯುತ್ತಿತ್ತು.

ದಪ್ಪ ಬಾರ್‌ನದು ಇನ್ನೊಂದು ಕಥೆ. ಕಾರು ತಿರುಗುವಾಗ ಒಳಗಿನ ಚಕ್ರಗಳ ಭಾರ ಹೊರಗಿನವಕ್ಕೆ ದಾಟುತ್ತದೆ. ಮುಂದೆ ಮತ್ತು ಹಿಂದೆ, ಯಾವ ಕಡೆ ಹೆಚ್ಚು ಬಿಗಿಯೋ ಆ ಕಡೆ ಹೆಚ್ಚು ಭಾರ ದಾಟುತ್ತದೆ. ಆದರೆ ಭಾರ ಎರಡರಷ್ಟಾದರೆ ಟೈರಿನ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ. ಹಾಗಾಗಿ ಬಿಗಿ ಇರುವ ಕಡೆಯೇ ಮೊದಲು ಜಾರುತ್ತದೆ. ಮುಂದಿನ ಚಕ್ರ ಎಳೆಯುವ ಕಾರುಗಳು ತಿರುವಿನಲ್ಲಿ ನೇರಕ್ಕೆ ಹೋಗಲು ನೋಡುತ್ತವೆ. ಅದನ್ನು ತಪ್ಪಿಸಲು ರೇಸಿನವರು ಹಿಂಭಾಗವನ್ನು ಬೇಕೆಂದೇ ಬಿಗಿ ಮಾಡುತ್ತಾರೆ. ಅವರಿಗೆ ಟ್ರ್ಯಾಕ್ ಇದೆ, ಹೊಸ ಟೈರಿದೆ, ಹಿಂದಿನ ಸೀಟಿನಲ್ಲಿ ಅಮ್ಮ ಇಲ್ಲ. ನಮ್ಮದು ಇಳಿಜಾರು, ಒದ್ದೆ ರಸ್ತೆ. ಅಣ್ಣ ಕಾಲು ತೆಗೆದ ಕ್ಷಣ ಭಾರವೆಲ್ಲ ಮುಂದಕ್ಕೆ ಬಂದು ಹಿಂಭಾಗ ಹಗುರಾಯಿತು. ಉಳಿದ ಕೆಲಸವನ್ನು ನಾನು ಆರಿಸಿದ ಭಾಗಗಳೇ ಮಾಡಿದವು.

ಮೇಸ್ತ್ರಿ ಹೇಳಿದ ಕ್ರಮದಲ್ಲೇ ಕೆಲಸ ಶುರುವಾಯಿತು. ಮೊದಲು ಟೈರು. ಎರಡೇ ಹೊಸತು ಇದ್ದರೆ ಅವು ಹಿಂದಕ್ಕೆ. ಮುಂದಿನದು ಜಾರಿದರೆ ಕಾಲು ತೆಗೆದು ಸರಿಪಡಿಸಿಕೊಳ್ಳಬಹುದು, ಹಿಂದಿನದು ಜಾರಿದರೆ ಹೆಚ್ಚಿನವರಿಗೆ ಕೈಮೀರಿತು. ನಂತರ ಬುಷ್. ನಾನು ಪಾಲಿಯುರೆಥೇನ್ ಬುಷ್ ಎಂದೆ, ಅವರು ಕಂಪನಿಯ ರಬ್ಬರನ್ನೇ ಹಾಕಿದರು. ದಿನವೂ ಓಡುವ ಕಾರಿನಲ್ಲಿ ಅದುರು, ಸದ್ದು ಕಡಿಮೆ. ಬಳಿಕ ಎಡಬಲ ಎರಡಕ್ಕೂ ಹೊಸ ಶಾಕ್, ಅದಕ್ಕೆ ಹೊಂದುವ, ಎತ್ತರ ಇಳಿಸದ ಸ್ಪ್ರಿಂಗ್. ಕೊನೆಗೆ ವ್ಹೀಲ್ ಅಲೈನ್‌ಮೆಂಟ್. ಅದರ ಚೀಟಿಯಲ್ಲಿ ಹಿಂದಿನ ಚಕ್ರದ ಅಂಕಿಗಳನ್ನೂ ನೋಡಲು ಹೇಳಿದರು. ಈ ಬಗೆಯ ಬೀಮಿನಲ್ಲಿ ಮುಂದಿನ ಚಕ್ರದ ಹಾಗೆ ಬೋಲ್ಟ್ ತಿರುಗಿಸಿ ಟೋ ಸರಿಮಾಡಲು ಬರುವುದಿಲ್ಲ, ಅಂಕಿ ತಪ್ಪಿದ್ದರೆ ಬೀಮು ಬಗ್ಗಿರಬಹುದು. ದಪ್ಪ ಬಾರ್ ಈಗ ನಮ್ಮ ಮನೆಯ ಅಟ್ಟದಲ್ಲಿದೆ.

ಇನ್ನೊಂದು ವಿಷಯವನ್ನೂ ಆಮೇಲೆ ಓದಿ ತಿಳಿದುಕೊಂಡೆ. ನೋಂದಣಿ ಪತ್ರದ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಬದಲಾವಣೆ ಮಾಡಿದ್ದನ್ನು ವಿಮೆಯವರಿಗೆ ತಿಳಿಸದಿದ್ದರೆ ಪರಿಹಾರ ಕೇಳುವಾಗ ತಕರಾರು ಏಳಬಹುದು. ಇದ್ಯಾವುದೂ ನಾನು ನೋಡಿದ ವಿಡಿಯೊಗಳಲ್ಲಿ ಇರಲಿಲ್ಲ.

ನನ್ನಂತೆ ಓದುತ್ತಿರುವ, ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಕಾರಿರಲಿ, ಬೈಕಿರಲಿ, ಬಿಡಿಭಾಗ ಆರ್ಡರ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ಈಗ ಏನು ತೊಂದರೆ, ಯಾವ ಭಾಗದಿಂದ, ಗಾಡಿ ಓಡುವುದು ಯಾವ ರಸ್ತೆಯಲ್ಲಿ. ನಾನು ಬರೆದಿದ್ದರೆ ಮೊದಲ ಸಾಲಿನಲ್ಲೇ ಸಿಕ್ಕಿಬೀಳುತ್ತಿದ್ದೆ. ನಮ್ಮ ಕಾರಿಗೆ ಇದ್ದ ತೊಂದರೆ ಹಳತಾದ ಶಾಕ್ ಮತ್ತು ಟೈರು. ನಾನು ಕೊಂಡದ್ದು ಬೇರೆ ಏನೋ. ಅಣ್ಣನ ಎರಡು ತಿಂಗಳ ಉಳಿತಾಯ ಅದಕ್ಕೆ ಹೋಯಿತು. ಅವನು ಇದುವರೆಗೆ ಒಂದು ಮಾತು ಆಡಿಲ್ಲ, ಅದೇ ಹೆಚ್ಚು ಚುಚ್ಚುತ್ತದೆ.

ಅಕ್ಟೋಬರ್‌ನಲ್ಲಿ ಮತ್ತೆ ಧರ್ಮಸ್ಥಳಕ್ಕೆ ಹೊರಟೆವು. ಅಮ್ಮ ಕಾರು ಹತ್ತುವ ಮುಂಚೆ, ‘ಈ ಸಲ ಯಾರು ರಿಪೇರಿ ಮಾಡಿದ್ದು?’ ಎಂದು ಕೇಳಿದಳು. ‘ಮೇಸ್ತ್ರಿ’ ಅಂದೆ. ಹತ್ತಿದಳು. ಘಾಟಿಯಲ್ಲಿ ಅಂದೂ ಮಳೆ ಇತ್ತು. ಅಣ್ಣ ನಿಧಾನಕ್ಕೆ ಇಳಿಸಿದ. ಉಜಿರೆ ಹತ್ತಿರ ಹಿಂತಿರುಗಿ ನೋಡಿದರೆ ಅಮ್ಮ ನಿದ್ದೆ ಹೋಗಿದ್ದಳು.