ಹಸಿರು ದೀಪಗಳು ತಿರುಗಿದ ಕಡೆಗೆ

2000ದ ಅಕ್ಟೋಬರ್ 31, ರಾತ್ರಿ ಹನ್ನೊಂದು ದಾಟಿತ್ತು. ತೈಪೆಯ ಚಿಯಾಂಗ್ ಕೈ-ಶೆಕ್ ವಿಮಾನ ನಿಲ್ದಾಣದಲ್ಲಿ ಚಂಡಮಾರುತದ ಮಳೆ ರಾಚುತ್ತಿತ್ತು. ಲಾಸ್ ಏಂಜಲೀಸ್‌ಗೆ ಹೊರಟಿದ್ದ ಸಿಂಗಪುರ ಏರ್‌ಲೈನ್ಸ್‌ನ 006 ಸಂಖ್ಯೆಯ ವಿಮಾನ, ಒಂದು ಬೋಯಿಂಗ್ 747, ನಿಧಾನವಾಗಿ ಟ್ಯಾಕ್ಸಿವೇ ಮೇಲೆ ಸಾಗುತ್ತಿತ್ತು. ಒಳಗೆ 179 ಮಂದಿ. ಕಾಕ್‌ಪಿಟ್‌ನಲ್ಲಿ ಮೂವರು ಪೈಲಟ್‌ಗಳು. ಕ್ಯಾಪ್ಟನ್ ಹನ್ನೊಂದು ಸಾವಿರ ಗಂಟೆಗೂ ಹೆಚ್ಚು ಹಾರಾಟ ಮಾಡಿದ್ದವರು, ಈ ನಿಲ್ದಾಣಕ್ಕೂ ಹೊಸಬರಲ್ಲ.

ಅವರು ಹೋಗಬೇಕಿದ್ದದ್ದು 05 ಎಡ ರನ್‌ವೇಗೆ. ದಿಕ್ಸೂಚಿಯ ಡಿಗ್ರಿಯನ್ನು ಹತ್ತಿರದ ಹತ್ತಕ್ಕೆ ತಂದು ಕೊನೆಯ ಸೊನ್ನೆ ಬಿಟ್ಟರೆ ಸಿಗುವುದೇ ರನ್‌ವೇ ಸಂಖ್ಯೆ. ನಮ್ಮ ದೇವನಹಳ್ಳಿಯ ಎರಡು ರನ್‌ವೇಗಳು ಪೂರ್ವ-ಪಶ್ಚಿಮವಾಗಿ ಇರುವುದರಿಂದ 09, 27 ಎನಿಸಿಕೊಂಡಿವೆ. ಜೋಡಿಯಾಗಿರುವ ಕಾರಣ ಅವಕ್ಕೆ ಎಡ, ಬಲ ಎಂಬ ಬಾಲವೂ ಇದೆ. ತೈಪೆಯಲ್ಲೂ ಹಾಗೆಯೇ, 05 ಎಡದ ಮಗ್ಗುಲಲ್ಲಿ, ಇನ್ನೂರು ಮೀಟರ್ ಚಿಲ್ಲರೆ ದೂರದಲ್ಲಿ, 05 ಬಲ ಇತ್ತು. ಅದರ ನಡುವಿನ ಭಾಗವನ್ನು ಸೆಪ್ಟೆಂಬರ್‌ನಿಂದಲೇ ಕಾಮಗಾರಿಗಾಗಿ ಮುಚ್ಚಿದ್ದರು. ಕಾಂಕ್ರೀಟ್ ತಡೆಗಟ್ಟೆಗಳು, ಮಣ್ಣು ಅಗೆಯುವ ಯಂತ್ರಗಳು ಅಲ್ಲೇ ನಿಂತಿದ್ದವು. ಈ ವಿಷಯ ಪೈಲಟ್‌ಗಳಿಗೆ ಗೊತ್ತಿತ್ತು. ಅವರ ಕಾಗದಗಳಲ್ಲೇ ಬರೆದಿತ್ತು.

ಟ್ಯಾಕ್ಸಿವೇಯ ಕೊನೆಗೆ ಬಂದು ವಿಮಾನ ಬಲಕ್ಕೆ ತಿರುಗಿತು. ಅಲ್ಲಿಂದ ನೇರವಾಗಿ ಮುಂದೆ ಹೋಗಿ, ಮುಚ್ಚಿದ ರನ್‌ವೇಯ ತುದಿಯನ್ನು ದಾಟಿ, ಆಮೇಲೆ ಇನ್ನೊಮ್ಮೆ ಬಲಕ್ಕೆ ಹೊರಳಿದ್ದರೆ ಸರಿಯಾದ ಜಾಗ ಸಿಗುತ್ತಿತ್ತು. ಆದರೆ ನೆಲದ ನಡುಗೆರೆಯ ಹಸಿರು ದೀಪಗಳು ಒತ್ತೊತ್ತಾಗಿ, ಚೆನ್ನಾಗಿ ಉರಿಯುತ್ತ ಬಾಗಿದ್ದು ಮುಚ್ಚಿದ ರನ್‌ವೇ ಕಡೆಗೆ. ನೇರ ಹೋಗುವ ಸಾಲಿನಲ್ಲಿದ್ದವು ಬೆರಳೆಣಿಕೆಯ ದೀಪಗಳು. ಅವುಗಳಲ್ಲಿ ಒಂದು ಕೆಟ್ಟಿತ್ತು, ಇನ್ನೊಂದು ಮಂಕಾಗಿತ್ತು. ಆ ಮಳೆಯಲ್ಲಿ ಕ್ಯಾಪ್ಟನ್ ಹಸಿರು ದೀಪಗಳನ್ನೇ ಹಿಡಿದು ಹೊರಳಿದರು. ಎದುರಿಗೆ ಕಂಡದ್ದೂ ಒಂದು ರನ್‌ವೇಯೇ. ಅಡ್ಡಗಟ್ಟೆಯಾಗಲಿ, 'ಮುಚ್ಚಿದೆ' ಎಂಬ ಗುರುತಾಗಲಿ ಆ ತುದಿಯಲ್ಲಿ ಇರಲಿಲ್ಲ. ಎರಡೂ ರನ್‌ವೇಗಳ ದಿಕ್ಕು ಒಂದೇ ಆದ್ದರಿಂದ ದಿಕ್ಸೂಚಿಯೂ ಸರಿಯಾಗಿಯೇ ತೋರಿಸಿತು.

ಇಷ್ಟಾದರೂ ತಪ್ಪನ್ನು ಹೇಳಬಲ್ಲ ಒಂದು ಉಪಕರಣ ಕಣ್ಣ ಮುಂದೆಯೇ ಇತ್ತು. ಮಬ್ಬಿನಲ್ಲಿ ರನ್‌ವೇಯ ನಡುಗೆರೆ ಹಿಡಿಯಲು ನೆರವಾಗುವ ಪುಟ್ಟ ಪಟ್ಟಿಯದು. ವಿಮಾನ ತಕ್ಕ ರನ್‌ವೇಗೆ ಮುಖ ಮಾಡಿ ನಿಂತಾಗ, ಅಲ್ಲಿನ ರೇಡಿಯೋ ಸಂಕೇತ ಹಿಡಿದು ತಾನಾಗಿ ತೆರೆದುಕೊಳ್ಳುತ್ತದೆ. ಅಂದು ತೆರೆದುಕೊಳ್ಳಲಿಲ್ಲ. ಅದು ಸಹ ಪೈಲಟ್ ಗಮನಕ್ಕೆ ಬಂತು, ಬಾಯಿಬಿಟ್ಟು ಹೇಳಿದರು ಕೂಡ. ಇನ್ನೂ ಪೂರ್ತಿ ನೇರವಾಗಿಲ್ಲ, ಅದಕ್ಕೇ ಇರಬೇಕು ಎಂಬ ಮಾತು ಬಂತು. ರನ್‌ವೇ ಕಾಣುತ್ತಿದೆಯಲ್ಲ, ಇರಲಿ ಬಿಡಿ ಎಂದರು ಕ್ಯಾಪ್ಟನ್. ಅಷ್ಟು ದೂರ ಕಣ್ಣಿಗೆ ಕಾಣುತ್ತಿರುವಾಗ ಆ ಪಟ್ಟಿ ಕಡ್ಡಾಯವೂ ಆಗಿರಲಿಲ್ಲ. ಮೂವರ ತಲೆಯಲ್ಲೂ ಇದ್ದದ್ದು ಅಡ್ಡಗಾಳಿ: ಮಿತಿಯೊಳಗೆ ಇದೆಯೇ, ಚಂಡಮಾರುತ ಇನ್ನಷ್ಟು ಹತ್ತಿರ ಬರುವ ಮೊದಲು ಹೊರಡಬಹುದೇ? ಉತ್ತರ ಬೇಕಾಗಿದ್ದ ಪ್ರಶ್ನೆಯೊಂದನ್ನು ಸಮಾಧಾನದ ಒಂದು ಮಾತು ಮುಗಿಸಿಬಿಟ್ಟಿತು. ನನಗೆ ಇಡೀ ಪ್ರಕರಣದಲ್ಲಿ ಕಾಡುವುದು ಈ ಕ್ಷಣವೇ. ಆ ಮೂವರಲ್ಲಿ ಯಾರೂ ಉಡಾಫೆಯವರಲ್ಲ. ಗಾಳಿ ನೋಡಿದರು, ಚೆಕ್‌ಲಿಸ್ಟ್ ಓದಿದರು, ಜಾಗರೂಕತೆಯಿಂದ ನಿಧಾನವಾಗಿಯೇ ಹೊರಳಿದರು.

ಟವರ್‌ನಿಂದ ಟೇಕಾಫ್ ಅನುಮತಿ ಆಗಲೇ ಬಂದಿತ್ತು, ವಿಮಾನ ಕೊನೆಯ ತಿರುವಿಗೆ ಹೋಗುತ್ತಿರುವಾಗಲೇ. ಅನುಮತಿ ಕೊಟ್ಟವರಿಗೆ ಆ ಮಳೆಯಲ್ಲಿ ವಿಮಾನ ಕಾಣುತ್ತಿರಲಿಲ್ಲ. ನೆಲದ ಮೇಲಿನ ಚಲನವಲನ ತೋರಿಸುವ ರಾಡಾರ್ ಆ ನಿಲ್ದಾಣದಲ್ಲಿರಲಿಲ್ಲ.

ಓಟ ಶುರುವಾಗಿ ನಲವತ್ತು ಸೆಕೆಂಡಿನ ಹೊತ್ತಿಗೆ, ಇನ್ನು ನಿಲ್ಲಿಸಲಾಗದು ಎಂಬ ವೇಗವನ್ನು ದಾಟಿದ ಮೇಲೆ, ಮುಂದೆ ಏನೋ ಇದೆ ಎಂಬುದು ಕ್ಯಾಪ್ಟನ್ ಕಣ್ಣಿಗೆ ಬಿತ್ತು. ಯಂತ್ರಗಳಿಗೆ ಬಡಿದ ವಿಮಾನ ತುಂಡಾಗಿ ಹೊತ್ತಿಕೊಂಡಿತು. ಸತ್ತವರು 83 ಮಂದಿ. ಮೂವರು ಪೈಲಟ್‌ಗಳೂ ಉಳಿದರು.

ತೈವಾನಿನ ತನಿಖಾ ವರದಿ 2002ರ ಏಪ್ರಿಲ್‌ನಲ್ಲಿ ಬಂತು. ಪೈಲಟ್‌ಗಳು ತಾವಿರುವ ಜಾಗವನ್ನು ಖಚಿತಪಡಿಸಿಕೊಳ್ಳಲಿಲ್ಲ ಎಂಬುದಕ್ಕೆ ಅದು ಒತ್ತು ಕೊಟ್ಟಿತು. ಸಿಂಗಪುರ ಒಪ್ಪಲಿಲ್ಲ, ದೀಪ, ಗುರುತು, ತಡೆಗಟ್ಟೆ ಯಾವುದೂ ಅಂತರರಾಷ್ಟ್ರೀಯ ಮಟ್ಟಕ್ಕೆ ಇರದ ನಿಲ್ದಾಣವನ್ನು ಬಿಟ್ಟು ಪೈಲಟ್‌ಗಳ ಮೇಲೆಯೇ ಹೊರಿಸುವುದು ಸರಿಯಲ್ಲ ಎಂದಿತು. ಆದರೆ ಅದೇ ವರ್ಷ ಕಂಪನಿ ಇಬ್ಬರು ಪೈಲಟ್‌ಗಳನ್ನು ಕೆಲಸದಿಂದ ತೆಗೆಯಿತು. ನನ್ನ ಮಟ್ಟಿಗೆ, ಮುಚ್ಚಿದ ದಾರಿಗೆ ದೀಪ ಹಚ್ಚಿಟ್ಟು ತೆರೆದ ದಾರಿಯ ದೀಪ ಕೆಟ್ಟಿರಲು ಬಿಟ್ಟವರ ಪಾಲು ಸಣ್ಣದಲ್ಲ. ಹಾಗೆಂದು ಆ ತೆರೆಯದ ಪಟ್ಟಿಯನ್ನು ಮರೆಯಲೂ ಆಗದು.

ಇದು ತೈಪೆಯ ಮಳೆಯ ಕಥೆ ಮಾತ್ರ ಎನ್ನುವಂತಿಲ್ಲ. 2006ರ ಆಗಸ್ಟ್ 27ರ ನಸುಕಿನಲ್ಲಿ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಗಾಳಿ, ಚಂಡಮಾರುತ ಏನೂ ಇರಲಿಲ್ಲ. ಕಾಮ್‌ಏರ್ ಕಂಪನಿಯ ಸಣ್ಣ ಜೆಟ್ 22ನೇ ರನ್‌ವೇಗೆ ಹೋಗಬೇಕಾದದ್ದು, ದಾರಿಯಲ್ಲಿ ದಾಟಬೇಕಿದ್ದ 26ರ ಮೇಲೆಯೇ ಹೊರಳಿ ಓಡಿತು. ಅದರ ಉದ್ದ 22ರ ಅರ್ಧದಷ್ಟು, ಸುಮಾರು 1,070 ಮೀಟರ್, ಆ ಜೆಟ್‌ಗೆ ಸಾಲದು. ಇಲ್ಲಿ ದಿಕ್ಸೂಚಿ ನಲವತ್ತು ಡಿಗ್ರಿ ವ್ಯತ್ಯಾಸ ತೋರಿಸುತ್ತಿತ್ತು. ದೀಪಗಳೇ ಇಲ್ಲವಲ್ಲ, ವಿಚಿತ್ರ ಎಂದು ಸಹ ಪೈಲಟ್ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಕ್ಯಾಪ್ಟನ್ ಹೂಂ ಎಂದರು. ಟವರ್‌ನಲ್ಲಿ ಒಬ್ಬನೇ ಇದ್ದ ಅಧಿಕಾರಿ ಅನುಮತಿ ಕೊಟ್ಟು, ಬೆನ್ನು ತಿರುಗಿಸಿ ಬೇರೆ ಕೆಲಸಕ್ಕೆ ಕೂತಿದ್ದರು. 50 ಮಂದಿಯಲ್ಲಿ 49 ಮಂದಿ ಸತ್ತರು, ಬದುಕಿದ್ದು ಸಹ ಪೈಲಟ್ ಒಬ್ಬರೇ.

ವಿಮಾನ ಯಾವ ರನ್‌ವೇಗೆ ಕಾಲಿಡುತ್ತಿದೆ ಎಂದು ಕಾಕ್‌ಪಿಟ್‌ನಲ್ಲೇ ಕೂಗಿ ಹೇಳುವ ಉಪಕರಣ ಅಷ್ಟು ಹೊತ್ತಿಗೆ ಮಾರುಕಟ್ಟೆಗೆ ಬಂದಿತ್ತು, ಆ ಜೆಟ್‌ನಲ್ಲಿ ಇರಲಿಲ್ಲ. ಲೆಕ್ಸಿಂಗ್ಟನ್ ತನಿಖೆ ನಡೆಸಿದ ಮಂಡಳಿ ಅಂಥದ್ದೊಂದನ್ನು, ಇಲ್ಲವೇ ನೆಲದ ನಕ್ಷೆಯಲ್ಲಿ ವಿಮಾನದ ಜಾಗ ತೋರಿಸುವ ಪರದೆಯನ್ನು, ಕಡ್ಡಾಯ ಮಾಡಿ ಎಂದಿತು. ಅಮೆರಿಕದ ಟವರ್‌ಗಳ ನಿಯಮವೂ ಬದಲಾಯಿತು: ದಾರಿಯಲ್ಲಿ ಅಡ್ಡ ಬರುವ ಎಲ್ಲ ರನ್‌ವೇಗಳನ್ನು ವಿಮಾನ ದಾಟಿ ಮುಗಿಯುವ ತನಕ ಟೇಕಾಫ್ ಅನುಮತಿ ಕೊಡುವಂತಿಲ್ಲ.